ಹೊಳೆದಂಡೆಗೊಂದು ರೆಸಾರ್ಟು

ಫ್ರೆಂಚರ ಬಾಯಿಂದ ಇಂಗ್ಲಿಷರ ಬಾಯಿಗೆ ಬಿದ್ದ ಹೊಸತರಲ್ಲಿ ‘ರೆಸಾರ್ಟ್’ ಎಂದರೆ ಆಸರೆ, ಕಷ್ಟಕಾಲದಲ್ಲಿ ಮೊರೆಹೋಗುವ ಜಾಗ. ಈಜುಕೊಳ, ಹುಲ್ಲುಹಾಸು ಸೇರಿ ಅದು ಮೋಜಿನ ತಾಣವಾದದ್ದು ಬಹಳ ಕಾಲದ ಮೇಲೆ. ಹಾಗೆ ಕೆಟ್ಟುಹೋದ ಅರ್ಥವನ್ನು ರಿಪೇರಿ ಮಾಡಿದ ಕೀರ್ತಿ ನಮ್ಮ ವಿಧಾನಸಭೆಯದು. ಕರ್ನಾಟಕದಲ್ಲಿ ಈಗ ರೆಸಾರ್ಟ್ ಎಂದರೆ ಮತ್ತೆ ಆಸರೆಯೇ: ಸರ್ಕಾರ ಬೀಳುವಾಗ ಶಾಸಕರಿಗೆ.

ಈ ಭಾಷಾಸೇವೆಯಲ್ಲಿ ಬೆಳಗಾವಿ ಜಿಲ್ಲೆಯ ಪಾಲು ದೊಡ್ಡದು. ಹುಕ್ಕೇರಿಯ ಉಮೇಶ ಕತ್ತಿ, ಮೂಡಲಗಿಯನ್ನೊಳಗೊಂಡ ಅರಭಾವಿಯ ಬಾಲಚಂದ್ರ ಜಾರಕಿಹೊಳಿ ಇಬ್ಬರೂ 2008ರಲ್ಲಿ ಜೆಡಿಎಸ್‌ನಿಂದ ಗೆದ್ದರು. ಅದೇ ವರ್ಷ ರಾಜೀನಾಮೆ ಕೊಟ್ಟು, ಡಿಸೆಂಬರಿನಲ್ಲಿ ಬಿಜೆಪಿಯಿಂದಲೂ ಗೆದ್ದರು. ಅದಕ್ಕೆ ‘ಆಪರೇಷನ್’ ಎಂದು ಹೆಸರು. ಆಪರೇಷನ್ ಆದವರು ಮಂತ್ರಿಯಾದರು, ಬಿಲ್ಲು ಊರವರ ಹೆಸರಿಗೆ ಬಂತು. 2010ರಲ್ಲಿ ಬಾಲಚಂದ್ರರೂ ಸೇರಿ ಬಿಜೆಪಿಯ 11 ಬಂಡಾಯಗಾರರು ಅನರ್ಹರಾದರು. ಮರುವರ್ಷ ಸುಪ್ರೀಂ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು.

2019ರ ಜುಲೈನಲ್ಲಿ ಅರ್ಥ ಇನ್ನಷ್ಟು ಹಿಗ್ಗಿತು. ಗೋಕಾಕದ ಶಾಸಕ ರಮೇಶ ಜಾರಕಿಹೊಳಿ ಮತ್ತು ಸಂಗಡಿಗರು ರಾಜೀನಾಮೆ ಕೊಟ್ಟು ಉಳಿದದ್ದು ಮುಂಬೈನ ಹೋಟೆಲಿನಲ್ಲಿ. ಟಿವಿಯವರು ಅದನ್ನೂ ರೆಸಾರ್ಟ್ ರಾಜಕಾರಣ ಎಂದೇ ಕರೆದರು. ಕೋಣೆ ಕಾದಿರಿಸಿ ಬಂದ ಸಚಿವ ಡಿ.ಕೆ. ಶಿವಕುಮಾರರನ್ನು ಪೊಲೀಸರು ಗೇಟಿನಲ್ಲೇ ತಡೆದರು. ಹಾಗಾಗಿ ಹೊಸ ವ್ಯಾಖ್ಯೆ: ದುಡ್ಡು ಕೊಟ್ಟವನಿಗೆ ಪ್ರವೇಶವಿಲ್ಲದ, ರಾಜೀನಾಮೆ ಕೊಟ್ಟವನಿಗೆ ನಿರ್ಗಮನವಿಲ್ಲದ ವಸತಿಗೃಹ.

ಜುಲೈ 25ಕ್ಕೆ ರಮೇಶರು ಅನರ್ಹರಾದರು. ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಪ್ಯಾಟಿಗೇ ನುಗ್ಗಿತು. ಊರಿಗೆ ಶಾಸಕರಿಲ್ಲ, ರಾಜ್ಯಕ್ಕೆ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರೊಬ್ಬರನ್ನು ಬಿಟ್ಟರೆ ಮಂತ್ರಿಗಳಿಲ್ಲ. ಸಂಪುಟ ಹುಟ್ಟಿದ್ದು ಆಗಸ್ಟ್ 20ಕ್ಕೆ. ಅಷ್ಟರಲ್ಲಿ ಜನ ಮೊರೆಹೋದ ಜಾಗದ ಹೆಸರು ಗಂಜಿ ಕೇಂದ್ರ. ಅದರ ಗೇಟಿಗೆ ಕಾವಲಿರಲಿಲ್ಲ. ಮತದಾರರನ್ನು ಅಪಹರಿಸಿಕೊಂಡು ಹೋಗಿ ಸಾಕಲು ಯಾವ ಪಕ್ಷಕ್ಕೆ ಹುಚ್ಚು?

ಡಿಸೆಂಬರ್ 5ರ ಉಪಚುನಾವಣೆಗೆ ಅಣ್ಣ ರಮೇಶ ಬಿಜೆಪಿಯಿಂದ, ತಮ್ಮ ಲಖನ್ ಕಾಂಗ್ರೆಸ್ಸಿನಿಂದ ನಿಂತರು. ಅಣ್ಣ ಗೆದ್ದರು. ನೀರಿನಲ್ಲಿ ಮುಳುಗಿ ಎದ್ದ ಕ್ಷೇತ್ರದ ಶಾಸಕರಿಗೆ 2020ರಲ್ಲಿ ಸಿಕ್ಕ ಖಾತೆ ಜಲಸಂಪನ್ಮೂಲ. ಖಾತೆ ಹಂಚಿದವರಿಗೆ ಹಾಸ್ಯಪ್ರಜ್ಞೆ ಇಲ್ಲವೆನ್ನುವವರು ಯಾರು?

ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದಲೂ ಇದೆ, ಪಕ್ಷಾಂತರವೂ ಇದೆ. ಹೊಸ ಕಾಯ್ದೆ ಕೇಳುವಷ್ಟು ಆಸೆ ನಮಗಿಲ್ಲ. ಶಾಸಕರನ್ನು ಕೂಡಿಡುವ ಮುಂದಿನ ರೆಸಾರ್ಟನ್ನು ಘಟಪ್ರಭೆಯ ದಂಡೆಯ ಮೇಲೆ, ಆದಷ್ಟು ತಗ್ಗಿನಲ್ಲಿ ಕಟ್ಟಿಸಿದರೆ ಸಾಕು. ಹೊಳಿ ಬಂದ ದಿನ ಶಾಸಕರು ಕ್ಷೇತ್ರದಲ್ಲೇ ಇರುತ್ತಾರೆ, ಗಂಜಿಯ ಸರದಿಯಲ್ಲಿ ನಮ್ಮ ಹಿಂದೆ.