ಎಂತೆಂತ ನೋಡಿದ್ರಿ?

ಕುಮಟೆಯವಳು ನಾನು. ಹಿತ್ತಿಲ ದಣಪೆ ದಾಟಿ ಹತ್ತು ನಿಮಿಷ ನಡೆದರೆ ಸಮುದ್ರ. ಅಂಥವಳು ವೀಸಾಕ್ಕೆ ಹತ್ತು ಬೆರಳಿನ ಗುರುತು ಕೊಟ್ಟು, ಎರಡು ವಿಮಾನ ಬದಲಿಸಿ, ಇನ್ನೊಂದು ಸಮುದ್ರದ ದಂಡೆಯಲ್ಲಿ ಕೂತು ಬರಲು ಪೋರ್ಚುಗಲ್ಲಿಗೆ ಹೋದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನನ್ನ ನಾದಿನಿ ನಿಮಗಿಂತ ಮೊದಲೇ ನಕ್ಕಾಗಿದೆ.

ತಪ್ಪು ಮಗನದು. ಲಿಸ್ಬನ್ನಿನಲ್ಲಿ ಕೆಲಸಕ್ಕಿದ್ದಾನೆ. "ದಕ್ಷಿಣದ ಅಲ್ಗಾರ್ವ್ ಬೇಡ ಅಮ್ಮ, ಬೇಸಿಗೆಯಲ್ಲಿ ಅರ್ಧ ಇಂಗ್ಲೆಂಡು ಅಲ್ಲೇ ಬಿದ್ದುಕೊಂಡಿರ್ತದೆ. ಅಲೆಂತೇಜು ಕಡೆ ಹೋಗೋಣ. ಅಲ್ಲಿ ಏನೂ ಇಲ್ಲ" ಎಂದ. ಅವನು ಹೊಗಳಿದ್ದು ಎಂದು ನನಗೆ ಗೊತ್ತಾಗಲು ನಾಲ್ಕು ದಿನ ಹಿಡಿಯಿತು. ನಮ್ಮವರಿಗೆ ಈಗಲೂ ಪೂರ್ತಿ ಗೊತ್ತಾದಂತಿಲ್ಲ.

ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಅವರ ಮಟ್ಟಿಗೆ ಪ್ರವಾಸವೆಂದರೆ ಒಂದು ಲೆಡ್ಜರ್. ಎಡಗಡೆ ನೋಡಬೇಕಾದ್ದು, ಬಲಗಡೆ ನೋಡಿದ್ದು, ರಾತ್ರಿ ಮಲಗುವುದರೊಳಗೆ ಎರಡೂ ತಾಳೆಯಾಗಬೇಕು. ಕಾಶಿಗೆ ಹೋದಾಗ ಒಂದೇ ದಿನದಲ್ಲಿ ಹದಿನೇಳು ಗುಡಿಗೆ ಟಿಕ್ ಹಾಕಿಸಿದವರು. ಹದಿನೆಂಟನೆಯದರ ಬಾಗಿಲು ಹಾಕಿತ್ತೆಂಬ ಕೊರಗು ಈಗಲೂ ಇದೆ. ಅಂಥವರು ಕಾರಿನಲ್ಲಿ ಕೂತು, ನೋಟ್‌ಬುಕ್ ತೆರೆದು, "ಮೊದಲನೇ ಪಾಯಿಂಟ್ ಯಾವ್ದೋ?" ಎಂದು ಮಗನನ್ನು ಕೇಳಿದರು.

"ಪಾಯಿಂಟ್ ಇಲ್ಲ ಅಪ್ಪ."

"ಮತ್ತೆ ಮೂರು ತಾಸು ಯಾಕೆ ಹೋಗ್ತಿದ್ದೇವೆ?"

ಈ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಲಿಸ್ಬನ್ನಿನ ಸೇತುವೆ ದಾಟಿಯಾಗಿತ್ತು.

ಪುಣ್ಯಕ್ಕೆ ದಾರಿಯಲ್ಲಿ ಸೀನಿಶ್ ಸಿಕ್ಕಿತು. ವಾಸ್ಕೋ ಡ ಗಾಮ ಹುಟ್ಟಿದ ಊರು. ಕೋಟೆಯ ಪಕ್ಕ ಅವನ ಪ್ರತಿಮೆ, ಮುಖ ಸಮುದ್ರಕ್ಕೆ. ನಮ್ಮವರಿಗೆ ಜೀವ ಬಂತು. 1498ರಲ್ಲಿ ಕಲ್ಲಿಕೋಟೆಗೆ ಬಂದವನು ವಾಪಸು ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವದಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿಕೊಂಡಿದ್ದ ಎಂಬುದನ್ನು ಅಲ್ಲಿದ್ದ ಒಂದು ಜರ್ಮನ್ ದಂಪತಿಗೆ ವಿವರಿಸಿದರು. ಮಿರ್ಜಾನ ಕೋಟೆ ನಮ್ಮ ತಾಲ್ಲೂಕಿನದೇ, ಅಲ್ಲಿಂದ ಮೆಣಸಿನ ವ್ಯಾಪಾರ ನಡೆಸಿದ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಮೆಣಸಿನ ರಾಣಿ ಎಂದು ಹೆಸರಿಟ್ಟವರು ಇದೇ ಪೋರ್ಚುಗೀಸರು ಎಂದೂ ಸೇರಿಸಿದರು. ಜರ್ಮನ್ ದಂಪತಿ ಗೌರವದಿಂದ ತಲೆಯಾಡಿಸಿ, ನಿಧಾನಕ್ಕೆ ಹಿಂದೆ ಹಿಂದೆ ಸರಿದು ತಪ್ಪಿಸಿಕೊಂಡಿತು. ನೋಟ್‌ಬುಕ್ಕಿನಲ್ಲಿ ಮೊದಲ ಟಿಕ್ ಬಿತ್ತು. ಕೊನೆಯದೂ ಹೆಚ್ಚುಕಡಿಮೆ ಅದೇ.

ಯಾಕೆಂದರೆ ಸೀನಿಶ್ ದಾಟಿದ ಮೇಲೆ ನಿಜಕ್ಕೂ ಏನೂ ಇಲ್ಲ. ಅಲ್ಲಿಂದ ತೆಂಕಣಕ್ಕೆ, ದೇಶದ ನೈಋತ್ಯ ಮೂಲೆ ಸುತ್ತಿ ನೂರು ಕಿಲೋಮೀಟರಿಗೂ ಮಿಕ್ಕಿ ಇರುವ ಕರಾವಳಿಯನ್ನು 1995ರಲ್ಲಿ ಸಂರಕ್ಷಿತ ಉದ್ಯಾನ ಮಾಡಿದ್ದಾರೆ. ಹಾಗಾಗಿ ಹತ್ತು ಮಾಳಿಗೆಯ ಹೋಟೆಲು ಏಳಲಿಲ್ಲ. ಇರುವುದು ಕಪ್ಪು ಬಂಡೆ, ಮರಳು, ಗಾಳಿಗೆ ಬಾಗಿದ ಕುರುಚಲು ಗಿಡ. ನಡುನಡುವೆ ಸುಣ್ಣ ಬಳಿದ, ಬುಡಕ್ಕೆ ನೀಲಿ ಪಟ್ಟಿ ಎಳೆದ ಕುಳ್ಳ ಮನೆಗಳ ಊರು. ನಾವು ಇಳಿದದ್ದು ವಿಲ ನೋವ ದ ಮಿಲ್‌ಫೋಂತಿಶ್. ಹೆಸರು ಇಷ್ಟುದ್ದ, ಊರು ಇಷ್ಟೇ. ಮೀರಾ ಎಂಬ ನದಿ ಅಲ್ಲಿ ಸಮುದ್ರ ಸೇರುತ್ತದೆ. ಮೀರಾ! ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಬಾಡಿಗೆ ಮನೆಯ ಯಜಮಾನಿ ಎಂಬತ್ತರ ಹತ್ತಿರದ ಅಜ್ಜಿ. ಇಂಗ್ಲಿಷ್ ಗಂಧವಿಲ್ಲ. ಮಗ ಕಾರು ನಿಲ್ಲಿಸಲು ಹೋಗಿದ್ದ. ಅಜ್ಜಿ ನನ್ನ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದಳು. ಬೀಗದ ಕೈ ತೋರಿಸಿ "ಶಾವ್" ಎಂದಳು. ಚಾವಿ! ಕಿಟಕಿ ತೆಗೆದು "ಜನೆಲಾ" ಎಂದಳು. ನಮ್ಮ ಕೊಂಕಣಿ ನೆರೆಮನೆಯಲ್ಲಿ ದಿನಾ ಕೇಳುವ ಜನೇಲ. ಮೈ ಒರೆಸುವ ಬಟ್ಟೆ ಎತ್ತಿ "ತುಆಲ್ಯಾ". ಟುವಾಲು. ಬಚ್ಚಲಿನಲ್ಲಿ "ಬಾಲ್ದ್". ಬಾಲ್ದಿ! ಬಟ್ಟೆ ಇಡುವ ಕಪಾಟು ಬಡಿದು "ಅರ್ಮಾರಿಯು". ಅಡುಗೆಮನೆಯ ಬುಟ್ಟಿಯಲ್ಲಿದ್ದುದಕ್ಕೆ ಅವಳಿಗಿಂತ ಮೊದಲು ನಾನೇ "ಬಟಾಟಾ" ಎಂದೆ. ಅಜ್ಜಿ ಹೌಹಾರಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮಗ ಬರುವಷ್ಟರಲ್ಲಿ ನಾವಿಬ್ಬರೂ ಗಳಸ್ಯ ಕಂಠಸ್ಯ. ಮೂರು ವರ್ಷದಿಂದ ಪಾಠ ಹೇಳಿಸಿಕೊಂಡು ಪೋರ್ಚುಗೀಸ್ ಕಲಿಯುತ್ತಿರುವವನ ಮುಖ ಆಗ ನೀವು ನೋಡಬೇಕಿತ್ತು. ಅವನ ಗುರುವಿಗೆ ಪಗಾರ ದಂಡ ಎಂದೆ. ಪಗಾರವೂ ಅವರದೇ ಶಬ್ದವಂತೆ.

ಇನ್ನು ಸಮುದ್ರ. ಜೂನ್ ತಿಂಗಳು, ಮೇಲೆ ರಣಬಿಸಿಲು. ನಮ್ಮವರು ಪಂಚೆ ಮಡಚಿ ಕಟ್ಟಿ, ಕುಮಟೆಯ ಗತ್ತಿನಲ್ಲಿ ನೀರಿಗಿಳಿದರು. ಮೊಣಕಾಲು ತನಕ ಹೋಗಿ ನಿಂತರು. ತಿರುಗಿದರು. ಇಳಿದದ್ದಕ್ಕಿಂತ ಬೇಗ ಮೇಲೆ ಬಂದರು. "ಸಮುದ್ರವೇ ಅಲ್ಲ ಇದು, ಫ್ರಿಜ್ಜು ಕರಗಿದ ನೀರು" ಎಂದು ಹಲ್ಲು ಕಟಕಟಿಸಿದರು. ಬೇಸಿಗೆಯಲ್ಲೂ ಹದಿನಾರು ಹದಿನೇಳು ಡಿಗ್ರಿಯ ಸುತ್ತಮುತ್ತ ಇರುವ ನೀರು. ಬಡಗಣದಿಂದ ಬೀಸುವ ನೊರ್ತಾದ ಎಂಬ ಗಾಳಿ ಮೇಲಿನ ಬೆಚ್ಚನೆ ನೀರನ್ನು ಒಳಸಮುದ್ರಕ್ಕೆ ತಳ್ಳಿಬಿಡುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ, ಅದರ ಜತೆ ಬರುವ ಸತ್ವಕ್ಕೇ ಇಲ್ಲಿ ಇಷ್ಟು ಮೀನು ಎಂದು ಮಗ ವಿವರಿಸಿದ. "ಹಾಗಾದ್ರೆ ಮೀನೇ ಈಜಲಿ" ಎಂದರು ಇವರು.

ಸುತ್ತ ನೋಡಿದರೆ ಊರಿನವರಿಗೆ ಈ ಸತ್ಯ ಮೊದಲೇ ಗೊತ್ತಿತ್ತು. ಗೂಟ ಹೊಡೆದು ಬಣ್ಣದ ಬಟ್ಟೆಯ ಮರೆ ಕಟ್ಟಿ, ಅದರ ಹಿಂದೆ ಗಾಳಿ ತಪ್ಪಿಸಿಕೊಂಡು ಕೂತಿದ್ದರು. ಮಕ್ಕಳು ಮರಿಗಳೆಲ್ಲ ಅಳಿವೆಯೊಳಗೆ, ಅಲೆಯಿಲ್ಲದ ಮೀರಾ ನದಿಯ ನೀರಿನಲ್ಲಿ. ಸಮುದ್ರವನ್ನು ಅವರು ನಮ್ಮ ಹಿರೀಕರಂತೆ ದೂರದಿಂದ ನೋಡಿ ಗೌರವಿಸುತ್ತಾರೆ.

ಊಟದ ಕಥೆ ಬೇರೆ. ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್ ಕಾಯಿ, ಚೀಸು ತಂದಿಟ್ಟರು. "ನೋಡು, ಬಾಳೆ ಹಾಕಿದ ಕೂಡಲೇ ಉಪ್ಪು, ಉಪ್ಪಿನಕಾಯಿ ಬಡಿಸ್ತಾರಲ್ಲ, ಹಾಗೆ. ಏನು ಸಂಸ್ಕಾರ!" ಎಂದು ನಮ್ಮವರು ಆಲಿವನ್ನು ಬೀಜ ಮಾತ್ರ ಬಿಟ್ಟು ಖಾಲಿ ಮಾಡಿದರು. ಬಿಲ್ ಬಂದಾಗ ಸಂಸ್ಕಾರಕ್ಕೆ ಸಾಲುಸಾಲಾಗಿ ಬೆಲೆ ಬರೆದಿತ್ತು. ಆ ದೇಶದ ಪದ್ಧತಿಯೇ ಹಾಗಂತೆ: ತಿಂದರೆ ದುಡ್ಡು, ಮುಟ್ಟದೆ ಬಿಟ್ಟರೆ ಇಲ್ಲ. ಮರುದಿನದಿಂದ ಆಲಿವ್ ತಟ್ಟೆ ಬಂದೊಡನೆ ಇವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರತೊಡಗಿದರು.

ನಾವು ಮೀನು ಮಾಂಸ ಮುಟ್ಟದವರು. ಮೀನಿನೂರಿಗೆ ಹೋಗಿ ಬ್ರೆಡ್ಡು ಬೆಣ್ಣೆ ತಿಂದು ಬರುವ ಹಣೆಬರಹ ಎಂದುಕೊಂಡಿದ್ದೆ. ಆಗ ಬಂತು ಅಸೋರ್ದ. ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಸೊಪ್ಪು ಜಜ್ಜಿ, ಆಲಿವ್ ಎಣ್ಣೆ ಹಾಕಿ, ಬಿಸಿನೀರು ಹೊಯ್ದು, ನಿನ್ನೆ ಮೊನ್ನೆಯ ಗಟ್ಟಿ ಬ್ರೆಡ್ಡು ಮುರಿದು ನೆನೆಸುತ್ತಾರೆ. ಮೇಲೊಂದು ಮೊಟ್ಟೆ ಬಿಡುವುದು ವಾಡಿಕೆ. ನಮಗೆ ಬಿಡಬೇಡಿ ಎಂದೆವು. ಕೆಲವು ಕಡೆ ಆ ಬಿಸಿನೀರು ಒಣಮೀನು ಬೇಯಿಸಿದ ನೀರೇ ಆಗಿರುತ್ತದಂತೆ. ಮಗ ಅಡುಗೆಮನೆಯೊಳಗೇ ನುಗ್ಗಿ ಬರೀ ನೀರು ಎಂದು ಖಾತ್ರಿ ಮಾಡಿಕೊಂಡು ಬಂದ. ಬಟ್ಟಲು ಮುಂದೆ ಬಂದದ್ದೇ ತಡ, ಹಸಿ ಕೊತ್ತಂಬರಿಯ ಘಮ ಮೂಗಿಗೆ ಹೊಡೆಯಿತು. ಯುರೋಪಿನಲ್ಲಿ ಕೊತ್ತಂಬರಿ! ಬಡವರ ಊಟ ಅದು, ಉಳಿದ ಬ್ರೆಡ್ಡು ಎಸೆಯಲಾರದವರು ಕಂಡುಕೊಂಡದ್ದು. ನಮ್ಮ ತಂಬುಳಿಯ ದೂರದ ದಾಯಾದಿ ಎನ್ನಿ. ಎರಡು ಬಟ್ಟಲು ಸುರಿದೆ. ಒಂದು ಒಗ್ಗರಣೆ ಬಿದ್ದಿದ್ದರೆ ಮೂರನೆಯದೂ ಹೋಗುತ್ತಿತ್ತು. ನಮಗೆ ಮೆಣಸಿನಕಾಯಿ ತಂದುಕೊಟ್ಟವರು ಇವರು. ನಮ್ಮ ನಾಲಿಗೆಗೆ ಬೆಂಕಿ ಹಚ್ಚಿ, ತಾವು ಬರೀ ಬೆಳ್ಳುಳ್ಳಿಯಲ್ಲಿ ನೆಮ್ಮದಿಯಾಗಿದ್ದಾರಲ್ಲ ಎಂದು ಹೊಟ್ಟೆಯುರಿಯಿತು.

ಪಕ್ಕದ ಮೇಜಿನ ಮನುಷ್ಯ ಮೊಸಳೆಯ ಕಾಲ್ಬೆರಳಿನಂಥದ್ದನ್ನು ಮುರಿದು ಮುರಿದು ಚೀಪುತ್ತಿದ್ದ. ಪೆರ್ಸೆಬೆಶ್ ಅಂತೆ ಅದರ ಹೆಸರು. ಅಲೆ ಬಡಿಯುವ ಬಂಡೆಯಲ್ಲಿ ಕಚ್ಚಿಕೊಂಡಿರುವ ಜೀವಿ. ಜನ ಹಗ್ಗ ಕಟ್ಟಿಕೊಂಡು ಇಳಿದು, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಕೆರೆದು ತರುತ್ತಾರೆ. ಜೀವದ ಮೇಲಿನ ಕೆಲಸ. ತಮಾಷೆಯೆಂದರೆ, ಆ ಭಾಷೆಯಲ್ಲಿ ಸಲಿಗೆಯಿಂದ "ಅರ್ಥ ಆಯ್ತಾ?" ಎಂದು ಕೇಳುವುದಕ್ಕೂ "ಪೆರ್ಸೆಬೆಶ್?" ಎಂದೇ ಹೇಳುವುದು. ಇದನ್ನು ಕೇಳಿದ್ದೇ ನನಗೊಂದು ಆಯುಧ ಸಿಕ್ಕಂತಾಯಿತು. ಆಮೇಲೆ ನಮ್ಮವರು ನೋಟ್‌ಬುಕ್ ತೆಗೆದಾಗಲೆಲ್ಲ "ಇಲ್ಲಿ ಪಾಯಿಂಟ್ ಇಲ್ಲ. ಪೆರ್ಸೆಬೆಶ್?" ಎನ್ನುತ್ತಿದ್ದೆ.

ಆದರೂ ಅವರು ಹುಡುಕಿದರು. ಮಿಲ್‌ಫೋಂತಿಶ್‌ನಲ್ಲಿ ಒಂದು ಸ್ಮಾರಕ ಪತ್ತೆಹಚ್ಚಿದರು. 1924ರಲ್ಲಿ ಇಲ್ಲಿಂದ ಪೋರ್ಚುಗಲ್ಲಿನ ವೈಮಾನಿಕರು ಮಕಾವಿಗೆ ಹಾರಿಹೊರಟಿದ್ದರು. ನಮ್ಮ ದೇಶದ ಮೇಲೆ ಬರುವಾಗ ವಿಮಾನ ಬಿದ್ದು ಕೆಟ್ಟಿತು, ಇನ್ನೊಂದು ವಿಮಾನ ಕೊಂಡು ಮುಂದೆ ಹಾರಿದರು. ಬಸ್ಸು ಕೆಟ್ಟರೆ ಇನ್ನೊಂದು ಬಸ್ಸು ಹತ್ತಿದ ಹಾಗೆ.

ಆಮೇಲೆ ಸರ್ದಾಂವ್ ಭೂಶಿರದ ದೀಪಸ್ತಂಭ, 1915ರದು. ಅದನ್ನು ಕಟ್ಟುವಾಗ ನಕ್ಷೆ ಹಿಂದುಮುಂದಾಗಿ, ಸಮುದ್ರದ ಕಡೆ ಇರಬೇಕಾದ ಗೋಪುರ ಊರ ಕಡೆಗೆ ಬಂತೆಂದು ಜನ ಹೇಳುತ್ತಾರೆ. ಕಟ್ಟಿದ ಮೇಲೆ ಕೆಡವುವವರು ಯಾರು? ದೀಪ ಉರಿದರಾಯಿತು, ಹಡಗಿಗೇನು ವಾಸ್ತು ಗೊತ್ತೇ? ಪೋರ್ಚುಗಲ್ಲಿನ ಉಳಿದವರು ಅಲೆಂತೇಜಿನವರ ಸೋಮಾರಿತನದ ಮೇಲೆ ಮಾಡಿದಷ್ಟು ನಗೆಹನಿ ಇನ್ನಾರ ಮೇಲೂ ಮಾಡಿಲ್ಲವಂತೆ. ಆ ಊರಿನವರು ಅದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾಗುವುದೂ ಒಂದು ಕೆಲಸ ತಾನೆ.

ಆ ದೀಪಸ್ತಂಭದ ಪಕ್ಕದ ಬಂಡೆಗಳ ಮೇಲೆ ಕಂಡದ್ದನ್ನು ಮಾತ್ರ ನಾನು ಮರೆಯಲಾರೆ. ಕಡಿದಾದ ದರೆ. ಕೆಳಗೆ ಬೆಳ್ಳನೆ ನೊರೆ ಕಾರುವ ಸಮುದ್ರ. ನೀರಿನಿಂದ ಕಂಬದಂತೆ ಎದ್ದ ಒಂಟಿ ಬಂಡೆ, ಅದರ ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು, ಗೂಡಿನಲ್ಲಿ ಬಿಳಿ ಕೊಕ್ಕರೆ. ಬೇರೆ ಕಡೆಯೆಲ್ಲ ಇವು ಚರ್ಚಿನ ಗೋಪುರ, ಕರೆಂಟ್ ಕಂಬ ಹುಡುಕುವ ಹಕ್ಕಿಗಳು. ಸಮುದ್ರದ ನಡುವಿನ ಬಂಡೆಯಲ್ಲಿ ಸಂಸಾರ ಹೂಡುವುದು ಇಡೀ ಜಗತ್ತಿನಲ್ಲಿ ಈ ಕರಾವಳಿಯಲ್ಲಿ ಮಾತ್ರ ಎನ್ನುತ್ತಾರೆ. ಮೂರು ಮರಿಗಳು. ಗಾಳಿ ಬೀಸಿದಾಗಲೆಲ್ಲ ಅವುಗಳ ನೆತ್ತಿಯ ಪುಕ್ಕ ಎದ್ದು ನಿಲ್ಲುತ್ತಿತ್ತು. ಒಂದು ಮರಿ ಗೂಡಿನ ಅಂಚಿಗೆ ಬಂದು, ರೆಕ್ಕೆ ಬಿಚ್ಚಿ, ಕೆಳಗೆ ಬಗ್ಗಿ ನೋಡಿ, ಮತ್ತೆ ಮಡಚಿಕೊಂಡು ಹಿಂದೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಬಿಚ್ಚಿತು, ನೋಡಿತು, ಮಡಚಿತು. ಹೀಗೆ ಆರು ಸಲ. ತಾಯಿ ಒಂಟಿ ಕಾಲಿನಲ್ಲಿ ನಿಂತು ಬೇರೆ ಕಡೆ ನೋಡುತ್ತಿತ್ತು. "ಹಾರು ಮಾರಾಯ" ಎಂದು ಪಿಸುಗುಟ್ಟಿದ್ದು ಕೇಳಿ ತಿರುಗಿದರೆ ನಮ್ಮವರು. ಮಗ ಗಡಿಯಾರ ತೋರಿಸಿದ. ಒಂದೂವರೆ ತಾಸಾಗಿತ್ತು. ನೋಟ್‌ಬುಕ್ ಕಾರಿನಲ್ಲೇ ಉಳಿದಿತ್ತು.

ಮರುದಿನ ಅವರೇ ಎದ್ದು, ಬೆಸ್ತರು ಗಾಳ ಹಾಕಲು ಹೋಗುವ ಕಾಲುದಾರಿಯಲ್ಲಿ ನಡೆಯೋಣ ಎಂದರು. ಹಸಿರು ನೀಲಿ ಗೆರೆಯ ಗುರುತು ಹಿಡಿದು ದರೆಯಂಚಿನಲ್ಲೇ ಊರಿಂದೂರಿಗೆ ಹೋಗುವ ದಾರಿ. ಮುಂದಿನ ಊರು ಅಲ್ಮೊಗ್ರಾವ್, ಹದಿನೈದು ಕಿಲೋಮೀಟರ್. ಮೆತ್ತನೆ ಮರಳು, ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹಿಂದೆ. ಮೂರು ಕಿಲೋಮೀಟರಿಗೆ ನಮ್ಮ ಮಂಡಿ ಸಭೆ ಸೇರಿ ಠರಾವು ಪಾಸು ಮಾಡಿತು. ವಾಪಸು ಬಂದು ಎತ್ತರದ ಗ್ಲಾಸಿನಲ್ಲಿ ಹಾಲು ಹೆಚ್ಚು, ಡಿಕಾಕ್ಷನ್ ಕಡಿಮೆ ಎಂಬಂಥ ಗಲಾಂವ್ ಕುಡಿದೆವು. ಆ ಕಾಫಿಯಂಗಡಿಯ ಎದುರಿನ ಬೆಂಚಿನಲ್ಲಿ ಪಂಜಾಬಿನ ಹುಡುಗನೊಬ್ಬ ಕೂತಿದ್ದ. ಒದೆಮೀರ ಕಡೆಯ ಪ್ಲಾಸ್ಟಿಕ್ ಹೊದೆಸಿದ ತೋಟಗಳಲ್ಲಿ ರಾಸ್‌ಬೆರಿ ಕೊಯ್ಯುವವನು. ನೇಪಾಳದವರು, ಬಾಂಗ್ಲಾದವರು, ನಮ್ಮ ದೇಶದವರು ಸಾವಿರಾರು ಮಂದಿ ಅಲ್ಲಿದ್ದಾರೆ. ನಾವು ಕೊಕ್ಕರೆ ನೋಡಲು ಬಂದೆವೆಂದಾಗ ಅವನು ನಕ್ಕ. ಬಂದು ಎರಡು ವರ್ಷವಾಯಿತಂತೆ, ಅಷ್ಟು ಹತ್ತಿರವಿದ್ದೂ ಆ ಕಡೆ ಒಮ್ಮೆಯೂ ಹೋಗಿಲ್ಲ. ಭಾನುವಾರ ಬಟ್ಟೆ ಒಗೆಯುವುದಕ್ಕೇ ಸರಿಹೋಗುತ್ತದೆ ಎಂದ. ನಮ್ಮವರು ಅವನ ಕಾಫಿಯ ದುಡ್ಡನ್ನೂ ಕೊಟ್ಟರು. ಬಿಲ್ ನೋಡದೆ ದುಡ್ಡು ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ಎಂದರೆ ಅಲ್ಲಿ ರಾತ್ರಿ ಒಂಬತ್ತು. ಸೂರ್ಯನೂ ಅಲೆಂತೇಜಿನವನೇ, ಮುಳುಗಲು ಅವಸರವಿಲ್ಲ. ದರೆಯ ಮೇಲಿನ ಕಟ್ಟೆಯಲ್ಲಿ ಅಜ್ಜಂದಿರ ಸಾಲು. ನಮ್ಮವರು ಆ ಸಾಲಿನ ಕೊನೆಯಲ್ಲಿ ಹೋಗಿ ಕೂತರು. ಯಾರೂ ಮಾತಾಡಲಿಲ್ಲ, ಇವರೂ ಆಡಲಿಲ್ಲ. ಅಷ್ಟರಲ್ಲಿ ನಾದಿನಿಯ ವಿಡಿಯೋ ಕಾಲ್. "ಐದು ದಿನ ಆಯ್ತಲ್ಲ, ಎಂತೆಂತ ನೋಡಿದ್ರಿ?" ನಾನು ಫೋನನ್ನು ಇವರ ಕೈಗೆ ದಾಟಿಸಿದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, "ಒಂದು ಕೊಕ್ಕರೆ ಮರಿ" ಎಂದರು. ಆ ಕಡೆ ಮೌನ. ನೆಟ್‌ವರ್ಕ್ ಹೋಯಿತೆಂದುಕೊಂಡು ಅವಳೇ ಫೋನಿಟ್ಟಳು.

ವಾಪಸು ಬರುವಾಗ ಗ್ರಾಂದೊಲದ ಗುಡ್ಡಗಳಲ್ಲಿ ಬಿರಡೆ ಮರಗಳ ಕಾಡು. ಬಾಟಲಿಯ ಬಿರಡೆ ಆಗುವುದು ಈ ಓಕ್ ಮರದ ತೊಗಟೆಯೇ. ಜಗತ್ತಿನ ಬಿರಡೆಯಲ್ಲಿ ಅರ್ಧದಷ್ಟು ಈ ಪುಟ್ಟ ದೇಶದ್ದು. ಕಾರು ನಿಲ್ಲಿಸಿ ಮುಟ್ಟಿ ನೋಡಿದೆವು. ಮೇಲೆ ದಪ್ಪ ತೊಗಟೆ, ಕೆಳಗೆ ಸೊಂಟದವರೆಗೆ ಚರ್ಮ ಸುಲಿದಂತೆ ಕೆಂಪು ಕಾಂಡ, ಅದರ ಮೇಲೆ ಬಿಳಿ ಬಣ್ಣದಲ್ಲಿ '4' ಎಂದು ಬರೆದಿತ್ತು. ಅಂದರೆ 2024ರಲ್ಲಿ ಸುಲಿದದ್ದು. ಒಮ್ಮೆ ಸುಲಿದರೆ ಮತ್ತೆ ಒಂಬತ್ತು ವರ್ಷ ಮುಟ್ಟುವಂತಿಲ್ಲ, ತೊಗಟೆ ತನ್ನ ಪಾಡಿಗೆ ಬೆಳೆಯಬೇಕು. ಸಸಿ ನೆಟ್ಟು ಮೊದಲ ಸಲ ಸುಲಿಯಲಂತೂ ಇಪ್ಪತ್ತೈದು ವರ್ಷ ಕಾಯಬೇಕು ಎಂದ ಮಗ.

ನಮ್ಮವರು ಮರವನ್ನು ಒಂದು ಸುತ್ತು ಹಾಕಿದರು. ಬೆರಳು ಮಡಚಿ ಲೆಕ್ಕ ಹಾಕಿದರು. ಕಾರಿಗೆ ಹೋಗಿ ನೋಟ್‌ಬುಕ್ ತಂದು, ಎಡಗಡೆ, ನೋಡಬೇಕಾದ್ದು ಎಂಬ ಕಾಲಮ್ಮಿನಲ್ಲಿ ದುಂಡಗೆ ಬರೆದರು: '2033, ಇದೇ ಮರ.'

"ಆಗ ನಿಮಗೆ ಎಪ್ಪತ್ತೈದು" ಎಂದೆ.

"ಮರಕ್ಕೇ ಅವಸರ ಇಲ್ಲ, ನಿನಗ್ಯಾಕೆ?" ಎಂದು ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಂಡು, "ಪೆರ್ಸೆಬೆಶ್?" ಎಂದರು.