ಕಟಿಪಂಚಕ ವಿಚಾರವು

ಸೊಂಟದ ಎಲುಬುಗಳು ಐದು. ಚಿಂಚೋಳಿ, ಸೇಡಂ, ವಾಡಿ, ಚಿತ್ತಾಪುರ, ಶಹಾಬಾದ್: ಊರುಗಳೂ ಐದು. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರದ್ರೋಹಿಗಳು. ಅತಿ ಕೆಳಗಿನ ಐದನೆಯ ಎಲುಬೇ ಶಹಾಬಾದ್. ಭಾರವೆಲ್ಲ ಬೀಳುವುದು ಅಲ್ಲಿ. ಸಂಶಯವಿದ್ದವರು ಫರಸಿ ಕಲ್ಲು ಎತ್ತುವವರನ್ನು ಕೇಳಬಹುದು. ಮಿಕ್ಕ ನಾಲ್ಕರ ಹಂಚಿಕೆಯಲ್ಲಿ ವಿದ್ವಾಂಸರಿಗೆ ಭಿನ್ನಮತವಿದೆ, ಇರಲಿ.

ಪ್ರಾಚೀನರ ಅಭಿಪ್ರಾಯಕ್ಕೆ ಸೇಡಂ ತಾಲೂಕಿನ ಮಳಖೇಡವನ್ನೇ ನೋಡಬೇಕು. ರಾಷ್ಟ್ರಕೂಟರ ಈ ರಾಜಧಾನಿಯ ಕೊಡುಗೆಯಾದ 'ಕವಿರಾಜಮಾರ್ಗ'ವು ಕಾವ್ಯದ ದೋಷಗಳನ್ನು ವಿವರಿಸುತ್ತದೆ; ನಡದ ದೋಷದ ಬಗ್ಗೆ ಚಕಾರವಿಲ್ಲ. ಕೋಟೆಗೆ ಕಲ್ಲು ಹೊತ್ತವರಿಗೆ ಅಲಂಕಾರಶಾಸ್ತ್ರ ಬರೆಯಲು ಪುರುಸೊತ್ತಿರಲಿಲ್ಲವೆಂದು ಊಹೆ.

ರೋಗಲಕ್ಷಣ: "ನಡ ಹಿಡದದ್ರಿ, ಏಳ್ಲಾಕ ಬರವಲ್ದು." ಚಿಕಿತ್ಸೆಯಲ್ಲಿ ಪಂಥಗಳು ಅನೇಕ. ಶಯನವಾದಿಗಳು ಮಲಗಿಸುತ್ತಾರೆ. ಪಟ್ಟಿವಾದಿಗಳು ಬೆಲ್ಟು ಬಿಗಿಯುತ್ತಾರೆ. ವಿದ್ಯುದ್ವಾದಿಗಳು ವೈರು ಅಂಟಿಸಿ ಕರೆಂಟು ಬಿಡುತ್ತಾರೆ. ಪಾದಪ್ರಹಾರವಾದಿಗಳು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ತಂದು ಒದೆಸುತ್ತಾರೆ. ಹೊಸದಾಗಿ ಹಿಡಿದ ನಡ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುವುದರಿಂದ ಎಲ್ಲ ಪಂಥಗಳಿಗೂ ಯಶಸ್ಸು ಖಚಿತ.

ಇಂಗ್ಲೆಂಡಿನ 'ನೈಸ್' ಸಂಸ್ಥೆ 2016ರಲ್ಲಿ ಬೆಲ್ಟು, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಟೆನ್ಸ್ ಕರೆಂಟು ಯಾವುದೂ ಬೇಡವೆಂದಿತು. ಒದೆಯ ಬಗ್ಗೆ ಮಾತಾಡಲಿಲ್ಲ. ಮೌನಂ ಸಮ್ಮತಿ ಎಂದು ಪಾದಪ್ರಹಾರವಾದಿಗಳು ಬೀಗಿದರು. (ಸಮ್ಮತಿಯಲ್ಲ, ಒದೆಸಿಕೊಳ್ಳಬೇಡಿ.)

ಶಯನವಾದ ಬಿದ್ದದ್ದು ಹೆಲ್ಸಿಂಕಿಯಲ್ಲಿ. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ನಗರದ 186 ನೌಕರರು: ಕೆಲವರು ಎರಡು ದಿನ ಹಾಸಿಗೆ ಹಿಡಿದರು, ಕೆಲವರು ಸೊಂಟದ ವ್ಯಾಯಾಮ ಮಾಡಿದರು, ಉಳಿದವರು ನೋವು ಬಿಟ್ಟಷ್ಟು ಎಂದಿನಂತೆ ಓಡಾಡಿದರು. ಬೇಗ ಚೇತರಿಸಿಕೊಂಡವರು ಓಡಾಡಿದವರೇ.

ಇದನ್ನೋದದ ಶಹಾಬಾದಿನ ಕೂಲಿಗಾರ ಮರುದಿನವೇ ಗಣಿಗೆ ಹೊರಡುತ್ತಾನೆ. ಶಾಸ್ತ್ರಸಮ್ಮತನೆಂದು ಅವನನ್ನು ಹೊಗಳುವ ಮುನ್ನ ತಡೆಯಿರಿ. ಹೆಲ್ಸಿಂಕಿಯವರ ಓಡಾಟಕ್ಕೆ ನೋವು ಮಿತಿ ಹಾಕುತ್ತಿತ್ತು. ಇವನ ಕೆಲಸಕ್ಕೆ ಮಿತಿ ಹಾಕುವುದು ಲಾರಿ ತುಂಬುವ ಹೊತ್ತು.

ಬಲ್ಲ ಫಿಸಿಯೋಥೆರಪಿಸ್ಟ್ ಹೇಳುವುದು ಸಪ್ಪೆ ಮಾತು: ಬಿಸಿ ಕಾವು ಕೊಡು, ನಡೆದಾಡು, ಎತ್ತುವಾಗ ಭಾರವನ್ನು ಮೈಗೆ ಹತ್ತಿರ ಹಿಡಿ, ಒಬ್ಬನೇ ಎತ್ತಬೇಡ. ಕಾಲು ಸೋತರೆ, ಉಚ್ಚೆ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ಪಂಥಭೇದ ಬಿಟ್ಟು ಅಂದೇ ದೊಡ್ಡಾಸ್ಪತ್ರೆ ಸೇರು. ಇಲ್ಲವಾದರೆ ಕೆಲವು ವಾರ ಹಗುರ ಕೆಲಸ ಮಾಡು.

ಈ ಕೊನೆಯ ವಿಧಿಯ ಭಾಷ್ಯಕ್ಕಾಗಿ ಮೇಸ್ತ್ರಿಯನ್ನೇ ಕೇಳಲಾಯಿತು.

"ಹಗೂರ್ ಫರಸಿ ಎಲ್ಲಿ ಸಿಗ್ತದ್ರಿ?" ಎಂದ.