ಬಿಚ್ಚುಗಾರ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ, ಮಳೆ ಬಲವಾಗಿ ಹಿಡಿದು, ತೋಟಕ್ಕೆ ಇಳಿಯಲಾಗದವರ ಕಣ್ಣಿಗೆ ಮನೆಯೊಳಗೆ ಕೆಟ್ಟು ಕೂತ ವಸ್ತುಗಳು ಒಂದೊಂದಾಗಿ ಬೀಳತೊಡಗುವ ಕಾಲದಲ್ಲಿ, ಊರಿಗೊಬ್ಬನಂತೆ ಚುರುಕಾಗುವ ವ್ಯಕ್ತಿಯನ್ನು ಬಿಚ್ಚುಗಾರನೆಂದು ಕರೆಯಬಹುದು. ಇವನನ್ನು ಮೆಕ್ಯಾನಿಕ್ಕನೆಂದು ತಿಳಿಯುವುದು ತಪ್ಪು. ಮೆಕ್ಯಾನಿಕ್ಕನು ರಿಪೇರಿಗಾಗಿ ಬಿಚ್ಚಿ ಹಣ ಪಡೆಯುತ್ತಾನೆ. ಬಿಚ್ಚುಗಾರನು ಒಳಗೇನಿದೆಯೆಂದು ನೋಡುವುದಕ್ಕಾಗಿ ಬಿಚ್ಚಿ, ಎರಡು ಲೋಟ ಕಾಫಿಯನ್ನೂ ಕೋಡುಬಳೆಯನ್ನೂ ಪಡೆಯುತ್ತಾನೆ. ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಅಡಿಕೆ ಸುಲಿಯುವ ಯಂತ್ರ ಇವೆಲ್ಲವೂ ಇವನ ಅಭ್ಯಾಸಕ್ಕೆ ಒದಗಿದ ವಸ್ತುಗಳಾದರೂ, ಇವನ ಪ್ರತಿಭೆ ಪೂರ್ಣವಾಗಿ ಅರಳುವುದು ಭಜನಾ ಮಂಡಳಿಯ ಹಳೆಯ ಸಿಂಥಸೈಜರಿನ ಮುಂದೆ.

ಸಿಂಥಸೈಜರ್ ಎಂದರೆ ತಂತಿಯನ್ನು ಮೀಟದೆ, ಗಾಳಿಯನ್ನು ಊದದೆ, ವಿದ್ಯುತ್ ಸಂಕೇತಗಳಿಂದಲೇ ನಾದವನ್ನು ಕಟ್ಟುವ ವಾದ್ಯ. 1983ರಲ್ಲಿ ಯಮಹಾ ಕಂಪನಿಯ ಡಿಎಕ್ಸ್7, 1988ರಲ್ಲಿ ಕೋರ್ಗ್ ಕಂಪನಿಯ ಎಂ1 ಮಾರುಕಟ್ಟೆಗೆ ಬಂದು ಜಗತ್ತಿನ ಜನಪ್ರಿಯ ಸಂಗೀತದ ದನಿಯನ್ನೇ ಬದಲಿಸಿದವು. ಪೇಟೆಯ ಆರ್ಕೆಸ್ಟ್ರಾದವರು ಹೊಸದನ್ನು ಕೊಂಡಾಗ ಕೈಬಿಟ್ಟ ಕೀಬೋರ್ಡುಗಳು ಕೈಯಿಂದ ಕೈಗೆ ದಾಟಿ ಘಟ್ಟದ ಮೇಲಿನ ಊರುಗಳಿಗೆ ಬರುತ್ತವೆ. ಬಂದದ್ದು ಯಾವ ಮಾದರಿಯೇ ಆಗಿರಲಿ, ಬಿಚ್ಚುಗಾರನು ಅದನ್ನು ನೋಡಿದ ಕೂಡಲೇ "ಇದು ಒರಿಜಿನಲ್ ಜಪಾನ್, ಈಗ ಇಂಥದ್ದು ಬರೂದಿಲ್ಲ ಮಾರಾಯ್ರೆ" ಎಂದು ಘೋಷಿಸುತ್ತಾನೆ; ಅಡಿಯಲ್ಲಿ ಬೇರೊಂದು ದೇಶದ ಹೆಸರು ಅಚ್ಚಾಗಿದ್ದರೆ ಆ ಭಾಗವನ್ನು ಕೆಳಗೆ ಮಾಡಿ ಇಡುತ್ತಾನೆ.

ವರ್ಷದ ಹೆಚ್ಚಿನ ಕಾಲ ಈ ವಾದ್ಯವನ್ನು ತೇವ ತಾಗದಿರಲೆಂದು ಅಟ್ಟದಲ್ಲಿ ಇಡುವುದರಿಂದ, ಅದು ಬೂಷ್ಟಿನಿಂದ ಪಾರಾಗಿ ಒಲೆಯ ಹೊಗೆಗೆ ಸಿಕ್ಕಿಕೊಳ್ಳುತ್ತದೆ. ಗಣೇಶ ಚೌತಿಗೆ ಕೆಲವೇ ದಿನವಿರುವಾಗ ಕೆಳಗಿಳಿಸಿ ನೋಡಿದರೆ ಹತ್ತಾರು ಕೀಗಳು ಮೌನ. ಕಾರಣ ಅತಿ ಸರಳವಾದದ್ದು. ಇಂಥ ಬಹುಪಾಲು ವಾದ್ಯಗಳಲ್ಲಿ ಪ್ರತಿ ಕೀಯ ಕೆಳಗೆ ರಬ್ಬರಿನ ಗುಳ್ಳೆಯೊಂದಿದ್ದು, ಅದರ ಒಳಮೈಗೆ ಅಂಟಿದ ಇಂಗಾಲದ ಬಿಲ್ಲೆಯು ಕೀ ಒತ್ತಿದಾಗ ಬೋರ್ಡಿನ ಮೇಲಿನ ಗೆರೆಗಳನ್ನು ಮುಟ್ಟಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಬೆರಳಿನ ವೇಗವನ್ನು ಅಳೆಯಬಲ್ಲ ವಾದ್ಯದಲ್ಲಿ ಒಂದು ಕೀಗೆ ಇಂಥ ಎರಡು ಬಿಲ್ಲೆಗಳಿದ್ದು, ಎರಡೂ ಮುಟ್ಟುವ ನಡುವಿನ ಸಮಯದ ಅಂತರದಿಂದ ಸ್ವರದ ಮೆಲು-ಜೋರು ನಿರ್ಧಾರವಾಗುತ್ತದೆ. ಬಿಲ್ಲೆಗೂ ಗೆರೆಗೂ ನಡುವೆ ಧೂಳೋ ಜಿಡ್ಡೋ ತೆಳ್ಳಗೆ ಕೂತರೆ ಸ್ವರ ಹೊರಡುವುದಿಲ್ಲ. ಹತ್ತಿಗೆ ಐಸೋಪ್ರೊಪೈಲ್ ಸ್ಪಿರಿಟ್ಟನ್ನು ತಾಗಿಸಿ ಒರೆಸಿ, ಒಣಗಲು ಬಿಟ್ಟರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.

ಬಿಚ್ಚುಗಾರನಿಗೆ ಒಪ್ಪಿಗೆಯಾಗದಿರುವುದು ಈ ಸರಳತೆಯೇ. ಧೂಳಿನಂಥ ಕ್ಷುಲ್ಲಕ ಕಾರಣವು ತನ್ನ ಸ್ಕ್ರೂಡ್ರೈವರಿನ ಘನತೆಗೆ ಕುಂದೆಂದು ಭಾವಿಸುವ ಆತನು, ಮುಚ್ಚಳ ತೆಗೆಯುವ ಮೊದಲೇ "ಐಸಿ ಹೋಗಿರ್ಬೇಕು" ಎಂದು ತೀರ್ಪಿತ್ತಿರುತ್ತಾನೆ. ಸ್ಕ್ರೂಗಳನ್ನು ಹಾಕಲು ಸ್ಟೀಲ್ ತಟ್ಟೆಯೊಂದನ್ನು ತರಿಸುತ್ತಾನೆ. ಉದ್ದದವು, ಗಿಡ್ಡವು ಎಂದು ಬೇರ್ಪಡಿಸಿಡುತ್ತಾನೆ. ಮನೆಯ ಮಗುವು ತಟ್ಟೆಯನ್ನು ಒಮ್ಮೆ ಅಲ್ಲಾಡಿಸಿದೊಡನೆ ಆ ವರ್ಗೀಕರಣ ಮುಗಿಯುತ್ತದೆ. ಒಳಗೆ ಇರುವೆಯ ಗೂಡು, ಜಿರಳೆಯ ರೆಕ್ಕೆ, ಯಾವುದೋ ಚೌತಿಯ ಅಕ್ಷತೆಯ ಕಾಳು ಸಿಕ್ಕಾಗ ಅವನ್ನು ಸಾಕ್ಷ್ಯಗಳಂತೆ ನೆರೆದವರಿಗೆಲ್ಲ ತೋರಿಸುತ್ತಾನೆ. ಕೊಬ್ಬರಿ ಎಣ್ಣೆ ಬಿಡೋಣವೇ ಎಂದು ಯಜಮಾನರು ಕೇಳಿದರೆ, ಎಣ್ಣೆಯಲ್ಲಿ ವಿದ್ಯುತ್ ಹರಿಯದೆಂದು ಸರಿಯಾಗಿಯೇ ತಡೆಯುತ್ತಾನೆ. ಸವೆದ ಬಿಲ್ಲೆಗೆ ಪೆನ್ಸಿಲಿನ ಸೀಸವನ್ನು ಉಜ್ಜಿ ತಾತ್ಕಾಲಿಕವಾಗಿ ಜೀವ ಕೊಡುವ ಉಪಾಯವೂ ಆತನಿಗೆ ಗೊತ್ತು. ಅಜ್ಞಾನಿಯಲ್ಲದ ಈತನ ತೊಡಕಿರುವುದು ಮರುಜೋಡಣೆಯಲ್ಲಿ.

ತಾಲ್ಲೂಕಿನಿಂದ ತಾಲ್ಲೂಕಿಗೆ ಈತನ ಸ್ವಭಾವದಲ್ಲಿ ಅಲ್ಪ ವ್ಯತ್ಯಾಸಗಳುಂಟು. ಕೊಪ್ಪದ ಬಿಚ್ಚುಗಾರನು ಬಿಡಿಭಾಗವನ್ನು ಶಿವಮೊಗ್ಗದಿಂದ ಬಸ್ಸಿನವರ ಕೈಯಲ್ಲಿ ತರಿಸುವುದಾಗಿ ಹೇಳಿ, ಬಸ್‌ಸ್ಟ್ಯಾಂಡಿಗೆ ಹೋಗಲು ಕಾರಣವೊಂದನ್ನು ಸಂಪಾದಿಸುತ್ತಾನೆ. ಶೃಂಗೇರಿಯವನು ಶ್ರುತಿಜ್ಞಾನಿಯಾಗಿದ್ದು, ಕೀಬೋರ್ಡಿನಲ್ಲಿ ಗಮಕ ಬರುವುದಿಲ್ಲವೆಂಬ ಆಕ್ಷೇಪದಿಂದಲೇ ರಿಪೇರಿಯನ್ನು ಆರಂಭಿಸುತ್ತಾನೆ. ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿರುವ ನರಸಿಂಹರಾಜಪುರದ ಕಡೆಯವನಿಗೆ ಚೌತಿ ಮುಗಿದರೂ ಬಿಡುವಿಲ್ಲ, ಏಕೆಂದರೆ ಕ್ರಿಸ್‌ಮಸ್ ಹತ್ತಿರವಾದಂತೆ ಇಗರ್ಜಿಯ ಗಾಯನವೃಂದದ ಕೀಬೋರ್ಡ್ ಕೂಡ ಇದೇ ಕಾಯಿಲೆಯಿಂದ ನರಳತೊಡಗುತ್ತದೆ.

ಎಲ್ಲ ಸರಿಯಾಗಿ ಮುಚ್ಚಿದ ಮೇಲೆ ಅರವತ್ತೊಂದು ಕೀಗಳಲ್ಲಿ ಅರವತ್ತು ನುಡಿಯುತ್ತವೆ. ರಬ್ಬರ್ ಪಟ್ಟಿಯ ಮೊಳೆಗಳು ಬೋರ್ಡಿನ ತೂತುಗಳಲ್ಲಿ ಪೂರ್ತಿ ಕೂರದಿದ್ದರೆ ಹೀಗಾಗುವುದುಂಟು. ನಡುವಿನ ಸ್ಥಾಯಿಯ ಬಿಳಿ ನಾಲ್ಕು, ಅಂದರೆ ಬಿಳಿ ಒಂದನ್ನು ಷಡ್ಜವಾಗಿಸಿ ನುಡಿಸುವವರ ಶುದ್ಧ ಮಧ್ಯಮ, ಮೂಕವಾಗಿಯೇ ಉಳಿಯುತ್ತದೆ. ತಟ್ಟೆಯಲ್ಲಿ ಎರಡು ಸ್ಕ್ರೂಗಳೂ ಉಳಿದಿರುತ್ತವೆ. ಆಗ ಬಿಚ್ಚುಗಾರನು ತಂತ್ರಜ್ಞಾನವನ್ನು ಬಿಟ್ಟು ಸಂಗೀತಶಾಸ್ತ್ರಕ್ಕೆ ದಾಟುತ್ತಾನೆ. ಒತ್ತುವ ಕೀ ಅದೇ ಇದ್ದರೂ ಹೊರಡುವ ಸ್ವರವನ್ನು ಏರಿಳಿಸುವ ಟ್ರಾನ್ಸ್‌ಪೋಸ್ ಎಂಬ ಸೌಲಭ್ಯವನ್ನು ಬಳಸಿ, ಸತ್ತ ಕೀಯನ್ನು ಯಾರಿಗೂ ಬೇಡದ ಸ್ವರದ ಜಾಗಕ್ಕೆ ತಳ್ಳಬಹುದೆಂದು ಆತನು ವಿವರಿಸುತ್ತಾನೆ. ಲೆಕ್ಕ ಸರಿಯೇ, ಆದರೆ ಹಾಗೆ ಮಾಡಿದರೆ ಬಹಳಷ್ಟು ರಾಗಗಳಲ್ಲಿ ಕಪ್ಪು ಕೀಗಳ ಮೇಲೆ ಹೆಚ್ಚು ಓಡಾಡಬೇಕಾಗುತ್ತದೆ, ಮಂಡಳಿಯ ವಾದಕರ ಬೆರಳುಗಳು ಬಿಳಿಯನ್ನು ಬಿಟ್ಟು ಹೆಚ್ಚು ಕದಲಿದವಲ್ಲ. ಕೊನೆಗೆ ಉಳಿಯುವುದು ಒಂದೇ ಪರಿಹಾರ: "ಮ ಇಲ್ಲದ ರಾಗ ಹಾಡಿ."

ಹೀಗಾಗಿ ಆ ವರ್ಷದ ಚೌತಿಯು ಹಂಸಧ್ವನಿಯ 'ವಾತಾಪಿ ಗಣಪತಿಂ'ನಿಂದ ಆರಂಭವಾಗಿ, ಅದರಂತೆಯೇ ಮಧ್ಯಮವಿಲ್ಲದ ಮೋಹನದಲ್ಲಿ ಮುಂದುವರಿಯುತ್ತದೆ. ಮಂಡಳಿಯವರ ರಾಗಪ್ರಜ್ಞೆ ಈಚೆಗೆ ಬಹಳ ಸುಧಾರಿಸಿದೆಯೆಂದು ಊರಿನ ಹಿರಿಯರು ತಲೆದೂಗುತ್ತಾರೆ. ಆದರೆ ಕೊನೆಗೆ ಹಾಡಲೇಬೇಕಾದ ಮಂಗಳಕ್ಕೆ ರೂಢಿಯಾಗಿರುವ ಮಧ್ಯಮಾವತಿ, ಸೌರಾಷ್ಟ್ರ ಇವೆರಡಕ್ಕೂ ಶುದ್ಧ ಮಧ್ಯಮವಿಲ್ಲದೆ ನಡೆಯುವುದಿಲ್ಲ. ಹಾಡು ಆ ಸ್ವರಕ್ಕೆ ಬಂದಾಗಲೆಲ್ಲ ಕೀಬೋರ್ಡ್ ಸುಮ್ಮನಾಗಿ, ತಬಲಾ ಒಂದೇ ಮುಂದೆ ಹೋಗುತ್ತದೆ. ನೆರೆದವರೆಲ್ಲ ಹಿಂದಿನ ಸಾಲಿನತ್ತ ತಿರುಗುತ್ತಾರೆ. ಅಲ್ಲಿ ಬಿಚ್ಚುಗಾರನು ಆಗಲೇ ಎದ್ದು ನಿಂತು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತ ಹೇಳುತ್ತಾನೆ: "ಗಡಿಬಿಡಿ ಮಾಡ್ಬೇಡಿ ಮಾರಾಯ್ರೆ, ಪಂಚಕಜ್ಜಾಯ ಹಂಚೂದ್ರೊಳಗೆ ಬಿಚ್ಚಿ ಕೊಡ್ತೇನೆ."